ನೀರು ಬೆಳ್ಳಗೆ ಕಾಣುವ ಚಿತ್ರ

ಮೊದಲು ನಿಮ್ಮ ಚೀಟಿ ಓದಿದೆ.
ತ್ಸುಗವಾ ಮಿನೆಕೊ, ನಲವತ್ತೇಳು,
ಹಚಿನೊಹೆ ಮೀನುಕಟ್ಟೆಯಲ್ಲಿ ಐಸು ಒಡೆಯುವ ಕೆಲಸ.
ಒಂದೂವರೆ ವರ್ಷದಿಂದ ನೀರು ಹೋಗುತ್ತಿದೆ,
ಬಣ್ಣವಿಲ್ಲ, ವಾಸನೆಯಿಲ್ಲ,
ದಿನಕ್ಕೆ ಎಂಟು ಪ್ಯಾಡು.
ಪ್ಯಾಪ್ ಪರೀಕ್ಷೆ ಮೂರು ಸಲ: ಏನೂ ಇಲ್ಲ.
ವೈರಸ್ಸು: ಇಲ್ಲ.
ಇಷ್ಟು ಇಲ್ಲಗಳನ್ನು ಮಡಿಲಲ್ಲಿ ಕಟ್ಟಿಕೊಂಡು
ನೆಲಮಾಳಿಗೆಯ ಈ ಬಾಗಿಲಿಗೆ ಬಂದಿದ್ದೀರಿ.

ನಿಮ್ಮನ್ನು ಕಂಡದ್ದು ಗಾಜಿನಾಚೆಯಿಂದ, ಒಂದು ಗಳಿಗೆ.
ಶಿರಾತೊರಿ ಕೇಳುತ್ತಿದ್ದ:
ಒಡವೆ? ಹೇರ್‌ಪಿನ್ನು? ಹಚ್ಚೆ? ಮೈಯೊಳಗೆ ಲೋಹ?
ನೀವು ಬಲಗೈ ಹೆಬ್ಬೆರಳು ಎತ್ತಿ ತೋರಿಸಿದಿರಿ,
ಗರಗಸದ ಚೂರೊಂದು ಇಲ್ಲಿ ಇದ್ದರೂ ಇದ್ದೀತು,
ಇಪ್ಪತ್ತು ವರ್ಷದ ಹಿಂದಿನದು.
ಎಕ್ಸ್‌ರೇ ತೆಗೆದೆವು. ಚೂರಿರಲಿಲ್ಲ.
ಇನ್ನೊಂದು ಇಲ್ಲ. ನಕ್ಕಿರಂತೆ.

ಕರುಳು ಸುಮ್ಮನಿರಲೆಂದು ಒಂದು ಸೂಜಿ,
ಹೆದರಿಕೆಯಾದರೆ ಅದುಮಲು ಕೈಗೊಂದು ರಬ್ಬರುಂಡೆ,
ಆಮೇಲೆ ಆ ಸದ್ದು.
ರಸ್ತೆ ಅಗೆದಂತೆ ಅನ್ನುತ್ತಾರೆ ಕೆಲವರು.
ಹೊರಬಂದು ನೀವು ಮಾತ್ರ ಹೇಳಿದಿರಂತೆ:
ಈ ಯಂತ್ರಕ್ಕೆ ಐಸು ಒಡೆಯಲು ಬರುವುದಿಲ್ಲ,
ಒಂದೇ ಜಾಗಕ್ಕೆ ಹೊಡೆಯುತ್ತದೆ.

ಈಗ ಕತ್ತಲ ಕೋಣೆ. ನಾನು, ಎರಡು ಪರದೆ,
ಆರಿದ ಬಾರ್ಲಿ ಚಹಾ.
ಈ ಸರಣಿಯಲ್ಲಿ ನೀರೆಲ್ಲ ಬೆಳ್ಳಗೆ.
ಮೂತ್ರಕೋಶ ಬೆಳ್ಳಗೆ, ಬೆನ್ನಹುರಿಯ ಸುತ್ತ ಬೆಳ್ಳಗೆ,
ಗರ್ಭಕೊರಳಿನ ಮೇಲ್ತುದಿಯಲ್ಲಿ,
ಪರೀಕ್ಷೆಯ ಕಡ್ಡಿ ತಲುಪದ ಎತ್ತರದಲ್ಲಿ,
ಸಾಸಿವೆಯಂಥ ಗುಳ್ಳೆಗಳದೊಂದು ಗೊಂಚಲು,
ಸುತ್ತ ದೊಡ್ಡ ಗುಳ್ಳೆಗಳು, ಎಸಳಿನಂತೆ.

ಕಾಸ್ಮಸ್.
ನಮ್ಮ ಕಸುಬಿನವರು ಇಟ್ಟ ಹೆಸರೇ ಅದು.
ಬರೆಯುವಾಗ ಶರತ್ತಿನ ಚೆರ್ರಿ ಎಂದು ಬರೆದು
ಓದುವಾಗ ಕಾಸ್ಮಸ್ ಎನ್ನುತ್ತೇವೆ ಈ ದೇಶದಲ್ಲಿ.
ಹೂ ಕಂಡರೆ ಉಸಿರು ಬಿಡಬಹುದು.
ಹೂ ಬಹುಮಟ್ಟಿಗೆ ಸಾಧು.

ಆದರೆ ಎಡಕ್ಕೆ,
ಹನ್ನೊಂದನೇ ಪದರದಿಂದ ಹದಿನಾಲ್ಕರವರೆಗೆ,
ಎಸಳುಗಳು ಸಾಲು ತಪ್ಪಿವೆ.
ಗುಳ್ಳೆ ಇರಬೇಕಾದಲ್ಲಿ ಬೂದು.
ಬೂದು ಗೋಡೆಯೊಳಕ್ಕೆ ಕಾಲು ಚಾಚಿದೆ,
ಒಂದು ರಾತ್ರಿಗೆಂದು ಬಂದ ನೆಂಟ
ಹಾಸಿಗೆ ಬಿಚ್ಚಿಕೊಂಡ ಹಾಗೆ.
ನೀರಿನ ಓಡಾಟ ಅಳೆಯುವ ಸರಣಿಯಲ್ಲಿ ಹೊಳೆಯುತ್ತದೆಯೇ?
ಹೊಳೆಯುತ್ತದೆ ಅನ್ನುವಷ್ಟಲ್ಲ.
ಇಲ್ಲ ಅನ್ನಲೂ ಬಾಯಿ ಬರದು.

ಅಪರೂಪದ ಜಾತಿ ಅದು.
ಗರ್ಭಕೊರಳಲ್ಲಿ ಕೂತು ಜಠರದ ವೇಷ ಹಾಕುತ್ತದೆ,
ಜಠರದ ಲೋಳೆ ಸುರಿಸುತ್ತದೆ,
ವೈರಸ್ಸಿನ ಹಂಗಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಕಂಡದ್ದು ಐದು ಸಲ.
ಒಂದು ಸಲ ಕಂಡೂ ಕಾಣಲಿಲ್ಲ:
ಗುಳ್ಳೆಗಳು, ಆರು ತಿಂಗಳ ನಂತರ ನೋಡೋಣ ಎಂದು ಬರೆದೆ.
ಆಕೆಯ ಹೆಸರು ಕಡತದಲ್ಲಿದೆ, ಬಾಯಲ್ಲಿ ಹೇಳಲಾರೆ.
ಆರು ತಿಂಗಳು ಎಂದು ಒತ್ತುವಾಗ ಈಗಲೂ
ಕಿರುಬೆರಳು ತಡೆಯುತ್ತದೆ.

ಕಂಡದ್ದನ್ನು ಕಂಡಂತೆ ಬರಿ ಎನ್ನುತ್ತಿದ್ದರು ಹಿರಿಯ ಡಾಕ್ಟರ್ ಕುಜಿ.
ಸರಿ, ಅರ್ಧ ಕಂಡದ್ದನ್ನು? ಎಂದರೆ
ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಬರೆಯುತ್ತೇನೆ: ಹೂವಿನ ವಿನ್ಯಾಸ, ಸಾಧು ಇರಬಹುದು.
ಅಳಿಸುತ್ತೇನೆ.
ಹೂವಿನ ವಿನ್ಯಾಸ, ಎಡಕ್ಕೆ ಅಪೂರ್ಣ.
ಜಠರ ಜಾತಿಯ ಕ್ಯಾನ್ಸರನ್ನು ತಳ್ಳಿಹಾಕಲಾಗದು.
ಮೇಲೆ ಕೆರೆದರೆ ಸಾಲದು, ಆಳದ ತುಂಡು ಬೇಕು.
ಆಳ ಎಂಬುದರ ಕೆಳಗೆ ಗೆರೆ ಎಳೆಯಲು
ಈ ಕಂಪ್ಯೂಟರಿನಲ್ಲಿ ಜಾಗವಿಲ್ಲ,
ಫೋನೆತ್ತಿ ಶಸ್ತ್ರವೈದ್ಯೆ ಹೊಂಜೊಗೆ ಬಾಯಲ್ಲೇ ಹೇಳುತ್ತೇನೆ.

ನಿಮ್ಮನ್ನು ಒಂದು ಕೇಳಬೇಕಿತ್ತು, ಮಿನೆಕೊ ಅವರೇ.
ಐಸಿನ ದಿಮ್ಮಿಗೆ ಮೊದಲ ಪೆಟ್ಟು ಹಾಕುವ ಮುಂಚೆ
ನೀವು ಎಲ್ಲಿ ನೋಡುತ್ತೀರಿ?
ಬಿರುಕು ಕಾಣುವ ಮುಂಚೆ ಎಲ್ಲಿರುತ್ತದೆ?

ನಾಲ್ಕಕ್ಕೆ ಶಿರಾತೊರಿ ಇಣುಕಿದ.
ಆಕೆ ಹೇರ್‌ಪಿನ್ನು ಬಿಟ್ಟುಹೋಗಿದ್ದಾರೆ, ತಟ್ಟೆಯಲ್ಲಿ.
ತೆಗೆದಿಡು, ಎಂದೆ.
ಮತ್ತೆ ಬರುತ್ತಾರೆ.